ಹಳೆ ಫೋನನ್ನೇ ಅಟ್ಟ ಮಾಡಿಕೊಂಡೆವು: ಮನೆಮಂದಿಯ ಫೈಲ್‌ಗಳನ್ನು ಸಿಂಕ್ ಮಾಡುವ ಬಗೆ

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿದೆ. ಅಲ್ಲಿ ಅಪ್ಪ, ಅಮ್ಮ, ತೆಂಗಿನ ತೋಟ. ನಾನಿರುವುದು ತುಮಕೂರಿನಲ್ಲಿ, ಅಕ್ಕ ಬೆಂಗಳೂರಿನಲ್ಲಿ. ಮೂರೂ ಕಡೆ ಸೇರಿ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಒಂದು ಹಳೆ ಟ್ಯಾಬ್ ಇವೆ. ಪಹಣಿಯ ಫೋಟೋ ಯಾರ ಫೋನಿನಲ್ಲಿದೆ, ಮದುವೆಯ ಫೋಟೋ ಎಲ್ಲಿ ಹೋಯಿತು ಅಂತ ವಾರಕ್ಕೊಮ್ಮೆ ಹುಡುಕಾಟ ನಡೆಯುತ್ತಿತ್ತು. "ಅಪ್ಪಾ, ಅದನ್ನ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ" ಅಂದರೆ, "ಹೆಂಗೆ ಕಳಿಸೋದು ಮರ್ತೋಯ್ತು ಕಣಪ್ಪ, ನೀನೇ ಬಂದಾಗ ತಗೋ" ಅನ್ನುತ್ತಿದ್ದರು.

ಈಗ ಯಾರೂ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಅಪ್ಪ ತೋಟದಲ್ಲಿ ಫೋಟೋ ತೆಗೆದರೆ ರಾತ್ರಿ ಅದು ನನ್ನ ಲ್ಯಾಪ್‌ಟಾಪ್‌ಗೆ ಬಂದಿರುತ್ತದೆ. ಅಪ್ಪ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಇದೇ. ಫೋನ್ ಚೆನ್ನಾಗಿ ಗೊತ್ತಿರುವ ಒಬ್ಬರು ಒಂದು ಭಾನುವಾರ ಕೂತು ಜೋಡಿಸಿಕೊಟ್ಟರೆ ಸಾಕು. ಉಳಿದವರು ಮೊದಲಿನ ಹಾಗೇ ಫೋನ್ ಬಳಸಿಕೊಂಡು ಇರಬಹುದು.

ಒಂದು ಸಾಧನದ ಫೋಲ್ಡರಿನಲ್ಲಿ ಇರುವುದನ್ನೇ ಇನ್ನೊಂದರಲ್ಲೂ ತಾನಾಗಿ ಇರುವ ಹಾಗೆ ಮಾಡುವುದಕ್ಕೆ ಸಿಂಕ್ ಅನ್ನುತ್ತಾರೆ. ಇದಕ್ಕೆ ನಾವು ಬಳಸುವುದು ಸಿಂಕ್‌ಥಿಂಗ್ ಅನ್ನುವ ಉಚಿತ ಸಾಫ್ಟ್‌ವೇರ್. 2013ರಲ್ಲಿ ಜಾಕೋಬ್ ಬೋರ್ಗ್ ಅನ್ನುವವರು ಇದನ್ನು ಮೊದಲು ಬಿಡುಗಡೆ ಮಾಡಿದರು. ಇದು ಓಪನ್ ಸೋರ್ಸ್, ಅಂದರೆ ಇದರ ಕೋಡನ್ನು ಯಾರು ಬೇಕಾದರೂ ನೋಡಬಹುದು. ಗೂಗಲ್ ಡ್ರೈವ್‌ನ ಹಾಗೆ ನಡುವೆ ಒಂದು ಕಂಪನಿಯ ಗೋದಾಮು ಇರುವುದಿಲ್ಲ. ನಿಮ್ಮ ಫೋನಿನ ಒಂದು ಫೋಲ್ಡರ್, ನಿಮ್ಮದೇ ಲ್ಯಾಪ್‌ಟಾಪ್‌ನ ಒಂದು ಫೋಲ್ಡರ್ ಜೊತೆ ನೇರವಾಗಿ ಮಾತಾಡುತ್ತದೆ. ಹಾಗಾಗಿ 15 ಜಿಬಿ ಮುಗಿಯಿತು, ದುಡ್ಡು ಕಟ್ಟಿ ಅನ್ನುವ ಮಾತೇ ಇಲ್ಲ. ನಿಮ್ಮ ಡಿಸ್ಕ್‌ನಲ್ಲಿ ಎಷ್ಟು ಜಾಗ ಇದೆಯೋ ಅಷ್ಟು. ದಾರಿಯಲ್ಲಿ ಫೈಲ್‌ಗಳು ಗೂಢಲಿಪಿಯಲ್ಲಿ ಹೋಗುವುದರಿಂದ ನಡುವೆ ಯಾರೂ ಓದಲಾಗುವುದಿಲ್ಲ.

ಅಟ್ಟ ಯಾಕೆ ಬೇಕು

ಶುರುವಿನಲ್ಲಿ ನಾನು ಅಪ್ಪನ ಫೋನನ್ನು ನನ್ನ ಲ್ಯಾಪ್‌ಟಾಪ್‌ಗೆ ನೇರ ಜೋಡಿಸಿದ್ದೆ. ಸರಿಯಾಗಿ ನಡೆಯಲಿಲ್ಲ. ಕಾರಣ ಸರಳ. ನಡುವೆ ಗೋದಾಮು ಇಲ್ಲವಾದ್ದರಿಂದ ಎರಡೂ ಸಾಧನ ಒಂದೇ ಹೊತ್ತಿಗೆ ಆನ್ ಆಗಿರಬೇಕು. ಅಪ್ಪ ಫೋನನ್ನು ಚಾರ್ಜಿಗೆ ಹಾಕುವುದು ರಾತ್ರಿ ಮಲಗುವಾಗ. ಆಗ ನನ್ನ ಲ್ಯಾಪ್‌ಟಾಪ್ ಮುಚ್ಚಿರುತ್ತದೆ. ನಾನು ಬೆಳಗ್ಗೆ ತೆರೆದರೆ ಅಪ್ಪ ತೋಟದಲ್ಲಿ, ಸಿಗ್ನಲ್ ಇಲ್ಲದ ಕಡೆ. ವಾರಗಟ್ಟಲೆ ಇಬ್ಬರಿಗೂ ಭೇಟಿಯೇ ಆಗುತ್ತಿರಲಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಅಟ್ಟ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಒಣಗುತ್ತದೆ. ಹಾಕುವವರು ಇವತ್ತು ಹಾಕುತ್ತಾರೆ, ತೆಗೆಯುವವರು ಯಾವತ್ತೋ ಬಂದು ತೆಗೆಯುತ್ತಾರೆ. ಇಬ್ಬರೂ ಒಟ್ಟಿಗೆ ಅಟ್ಟದ ಕೆಳಗೆ ನಿಂತಿರಬೇಕಾಗಿಲ್ಲ. ನಮ್ಮ ಫೈಲ್‌ಗಳಿಗೂ ಅಂಥದ್ದೊಂದು ಬೇಕಿತ್ತು. ಬೀರುವಿನಲ್ಲಿ ಒಂದು ಹಳೆ ಆಂಡ್ರಾಯ್ಡ್ ಫೋನ್ ಇತ್ತು. ಸ್ಕ್ರೀನಿನ ಮೂಲೆ ಒಡೆದಿತ್ತು, ಉಳಿದದ್ದೆಲ್ಲ ಸರಿಯಿತ್ತು. ಅದನ್ನು ತುಮಕೂರಿನ ಮನೆಯ ವೈ-ಫೈಗೆ ಹಾಕಿ, ರೌಟರ್ ಪಕ್ಕ ಇಟ್ಟೆ. ಹೆಸರು ಅಂತ ಕೇಳಿದ ಕಡೆ "ಅಟ್ಟ" ಅಂತಲೇ ಬರೆದೆ. ಈಗ ಅಪ್ಪನ ಫೋನ್ ಅಟ್ಟಕ್ಕೆ ಹಾಕುತ್ತದೆ, ನನ್ನ ಲ್ಯಾಪ್‌ಟಾಪ್ ತನಗೆ ಬಿಡುವಾದಾಗ ಅಟ್ಟದಿಂದ ತೆಗೆದುಕೊಳ್ಳುತ್ತದೆ.

ಕಂಪ್ಯೂಟರಿಗಿಂತ ಹಳೆ ಫೋನ್ ಈ ಕೆಲಸಕ್ಕೆ ಒಳ್ಳೆಯದು ಅಂತ ನನ್ನ ಅನುಭವ. ತಿನ್ನುವ ಕರೆಂಟ್ ತೀರಾ ಕಡಿಮೆ. ಕರೆಂಟ್ ಹೋದರೂ ಬ್ಯಾಟರಿ ಇದೆ. ರೌಟರಿಗೆ ಒಂದು ಚಿಕ್ಕ ಯುಪಿಎಸ್ ಹಾಕಿದರೆ ಎರಡು ಗಂಟೆ ಕರೆಂಟ್ ಇಲ್ಲದಿದ್ದರೂ ಅಟ್ಟ ಎಚ್ಚರವಾಗಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಹಳೆ ಫೋನನ್ನು ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟರೆ ಬ್ಯಾಟರಿ ಉಬ್ಬಬಹುದು. ಪ್ಲಗ್ಗಿಗೆ ಹಾಕುವ ಟೈಮರ್ ಅಂಗಡಿಯಲ್ಲಿ ಸಿಗುತ್ತದೆ. ಬೆಳಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಚಾರ್ಜ್ ಆಗುವ ಹಾಗೆ ಇಡಿ. ಗಾಳಿಯಾಡುವ ಜಾಗದಲ್ಲಿಡಿ. ಹಾಸಿಗೆ, ಬಟ್ಟೆ, ಪೇಪರ್ ಹತ್ತಿರ ಬೇಡ. ಬೆನ್ನು ಉಬ್ಬಿದ್ದು ಕಂಡರೆ ಆ ಫೋನ್ ಬಳಸುವುದನ್ನು ಅವತ್ತೇ ನಿಲ್ಲಿಸಿ.

ಜೋಡಿಸುವ ಕ್ರಮ

ಮೊದಲು ಲ್ಯಾಪ್‌ಟಾಪ್. ಸಿಂಕ್‌ಥಿಂಗ್ ಡಾಟ್ ನೆಟ್ ತಾಣದಿಂದ ನಿಮ್ಮ ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್‌ಗೆ ಸರಿಯಾದದ್ದನ್ನು ಇಳಿಸಿಕೊಳ್ಳಿ. ಶುರು ಮಾಡಿದ ಮೇಲೆ ಬ್ರೌಸರಿನಲ್ಲಿ 127.0.0.1:8384 ಅಂತ ಟೈಪ್ ಮಾಡಿದರೆ ಅದರ ಪುಟ ತೆರೆಯುತ್ತದೆ. ಅದು ಇಂಟರ್‌ನೆಟ್‌ನಲ್ಲಿರುವ ಪುಟ ಅಲ್ಲ, ನಿಮ್ಮ ಕಂಪ್ಯೂಟರಿನೊಳಗೇ ಇರುವುದು.

ಆಂಡ್ರಾಯ್ಡ್‌ಗೆ ಒಂದು ವಿಷಯ ತಿಳಿದಿರಲಿ. ಸಿಂಕ್‌ಥಿಂಗ್ ತಂಡದ ಅಧಿಕೃತ ಆಂಡ್ರಾಯ್ಡ್ ಆ್ಯಪ್‌ನ ಕೊನೆಯ ಬಿಡುಗಡೆ 2024ರ ಡಿಸೆಂಬರಿನಲ್ಲಿ ಆಯಿತು. ಅಲ್ಲಿಂದಾಚೆಗೆ ಅದು ನಿಂತಿದೆ. ಹಾಗಾಗಿ ಎಫ್-ಡ್ರಾಯ್ಡ್ ಆ್ಯಪ್ ಅಂಗಡಿಯಿಂದ, ಅದನ್ನೇ ಬೇರೆಯವರು ಮುಂದುವರಿಸಿರುವ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಿ. ಐಫೋನ್ ಇರುವವರಿಗೆ ಸಿಂಕ್‌ಥಿಂಗ್ ಜೊತೆ ಕೂಡಿಕೊಳ್ಳುವ ಮೋಬಿಯಸ್ ಸಿಂಕ್ ಅನ್ನುವ ಆ್ಯಪ್ ಇದೆ. ಆದರೆ ತೆರೆದಿಲ್ಲದಾಗ ಇಂಥ ಆ್ಯಪನ್ನು ಐಫೋನ್ ಹಿನ್ನೆಲೆಯಲ್ಲಿ ಜಾಸ್ತಿ ಹೊತ್ತು ಓಡಲು ಬಿಡುವುದಿಲ್ಲ. ಆಗಾಗ ಆ್ಯಪ್ ತೆರೆಯಬೇಕಾಗುತ್ತದೆ. ಅಪ್ಪ-ಅಮ್ಮನ ಕೈಯಲ್ಲಿರುವುದು ಐಫೋನ್ ಆದರೆ ಈ ದಾರಿ ಅಷ್ಟು ಸುಲಭವಲ್ಲ.

ಆಮೇಲೆ ಪರಿಚಯ ಮಾಡಿಸುವುದು. ಪ್ರತಿ ಸಾಧನಕ್ಕೂ ಒಂದು ಉದ್ದನೆಯ ಡಿವೈಸ್ ಐಡಿ ಇರುತ್ತದೆ. ಅದರ ಕ್ಯೂಆರ್ ಕೋಡ್ ಕೂಡ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ "ಆ್ಯಕ್ಷನ್ಸ್" ಒತ್ತಿ "ಶೋ ಐಡಿ" ಅಂದರೆ ಕೋಡ್ ಕಾಣುತ್ತದೆ. ಅಟ್ಟದ ಫೋನಿನಲ್ಲಿ ಹೊಸ ಡಿವೈಸ್ ಸೇರಿಸುವ ಗುಂಡಿ ಒತ್ತಿ, ಅದನ್ನು ಸ್ಕ್ಯಾನ್ ಮಾಡಿ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ "ಇಂಥವರು ಸೇರಬೇಕು ಅಂತಿದ್ದಾರೆ" ಅನ್ನುವ ಸೂಚನೆ ಬರುತ್ತದೆ. ಒಪ್ಪಿಕೊಳ್ಳಿ. ಎರಡೂ ಕಡೆ ಒಪ್ಪಿದರೆ ಮಾತ್ರ ನಂಟು. ಆದ್ದರಿಂದ ಐಡಿ ಬೇರೆಯವರ ಕಣ್ಣಿಗೆ ಬಿದ್ದರೂ ಹೆದರಬೇಕಾಗಿಲ್ಲ.

ಮನೆಯ ಉಳಿದ ಸಾಧನಗಳನ್ನು ಅಟ್ಟಕ್ಕೆ ಮಾತ್ರ ಪರಿಚಯ ಮಾಡಿಸಿ. ಆ ಸಾಧನಗಳಲ್ಲಿ ಅಟ್ಟದ ವಿವರ ತೆರೆದು "ಇಂಟ್ರೊಡ್ಯೂಸರ್" ಅನ್ನುವುದನ್ನು ಟಿಕ್ ಮಾಡಿದರೆ, ಒಂದೇ ಫೋಲ್ಡರ್ ಹಂಚಿಕೊಂಡವರನ್ನೆಲ್ಲ ಅಟ್ಟವೇ ಒಬ್ಬರಿಗೊಬ್ಬರು ಪರಿಚಯ ಮಾಡಿಸುತ್ತದೆ. ಆದರೆ ಎರಡು ಸಾಧನ ಒಂದಕ್ಕೊಂದು ಇಂಟ್ರೊಡ್ಯೂಸರ್ ಆಗಬಾರದು. ಹಾಗಾದರೆ ತೆಗೆದುಹಾಕಿದ ಹಳೆ ಸಾಧನ ಮತ್ತೆ ಮತ್ತೆ ಪಟ್ಟಿಗೆ ಬಂದು ಕೂರುತ್ತದೆ.

ಇನ್ನು ಫೋಲ್ಡರ್. ಅಪ್ಪನ ಫೋನಿನಲ್ಲಿ ಕ್ಯಾಮೆರಾ ಫೋಲ್ಡರ್ ಆರಿಸಿ, ಅದನ್ನು ಅಟ್ಟದ ಜೊತೆ ಹಂಚಿಕೊಳ್ಳಿ. ಅಟ್ಟದಲ್ಲಿ ಸೂಚನೆ ಬಂದಾಗ ಅದನ್ನೇ ಒಪ್ಪಿಕೊಂಡು ಜಾಗ ತೋರಿಸಿ. ಸುಮ್ನೆ ಅದೇ ಹೆಸರಿನ ಹೊಸ ಫೋಲ್ಡರ್ ಮಾಡಿದರೆ ಕೂಡಿಕೊಳ್ಳುವುದಿಲ್ಲ, ಯಾಕೆಂದರೆ ಸಿಂಕ್‌ಥಿಂಗ್ ನೋಡುವುದು ಫೋಲ್ಡರ್ ಐಡಿಯನ್ನು. ಅಪ್ಪನ ಕಡೆ ಬಗೆ "ಸೆಂಡ್ ಓನ್ಲಿ" ಇರಲಿ. ಅಟ್ಟ ಮತ್ತು ಲ್ಯಾಪ್‌ಟಾಪ್ ಕಡೆ "ರಿಸೀವ್ ಓನ್ಲಿ" ಇರಲಿ. ಆಗ ನಾನು ಇಲ್ಲಿ ಏನೇ ತಪ್ಪು ಮಾಡಿದರೂ ಅಪ್ಪನ ಫೋನಿನಲ್ಲಿರುವ ಫೋಟೋಗೆ ಏನೂ ಆಗುವುದಿಲ್ಲ. ಮೆಮೊರಿ ಕಾರ್ಡ್ ಇದ್ದರೆ, ಹೊರಗಿನಿಂದ ಬರುವ ಫೋಲ್ಡರನ್ನು ಅದರಲ್ಲಿಡಬೇಡಿ. ಆಂಡ್ರಾಯ್ಡ್ ಅಲ್ಲಿ ಬಹುತೇಕ ಕಡೆ ಬರೆಯಲು ಬಿಡುವುದಿಲ್ಲ. ಫೋನಿನ ಒಳಗಿನ ಜಾಗವೇ ಸರಿ.

ಕೊನೆಗೆ ಎರಡು ಸೆಟ್ಟಿಂಗ್. ಜನ ಕೈಬಿಡುವುದು ಜಾಸ್ತಿ ಇಲ್ಲೇ. ಫೋನಿನ ಬ್ಯಾಟರಿ ಸೆಟ್ಟಿಂಗ್‌ಗೆ ಹೋಗಿ ಈ ಆ್ಯಪ್‌ಗೆ ಬ್ಯಾಟರಿ ಉಳಿತಾಯ ಬೇಡ ಅಂತ ಹೇಳಿ. ಇಲ್ಲದಿದ್ದರೆ ಫೋನ್ ಅದನ್ನು ಸದ್ದಿಲ್ಲದೆ ಮಲಗಿಸಿಬಿಡುತ್ತದೆ. ಆಮೇಲೆ ಆ್ಯಪ್ ಯಾವಾಗ ಓಡಬೇಕು ಅನ್ನುವ ಷರತ್ತು. ಊರಿನಲ್ಲಿ ವೈ-ಫೈ ಇಲ್ಲವಾದ್ದರಿಂದ ಅಪ್ಪನ ಫೋನಿನಲ್ಲಿ ಮೊಬೈಲ್ ಡೇಟಾ ಬಳಸಲು ಬಿಟ್ಟಿದ್ದೇನೆ, ಆದರೆ ಚಾರ್ಜಿಗೆ ಹಾಕಿದಾಗ ಮಾತ್ರ. ಒಂದು ಫೋಟೋ ಮೂರ್ನಾಲ್ಕು ಎಂಬಿ ಅಂದರೂ 30 ಫೋಟೋಗೆ 100 ಎಂಬಿ ಆಸುಪಾಸು. ದಿನದ ಪ್ಯಾಕಿನಲ್ಲಿ ಮಿಕ್ಕಿದ್ದರಲ್ಲೇ ಆಗಿಹೋಗುತ್ತದೆ. ವಿಡಿಯೋಗಳನ್ನು ಮಾತ್ರ "ಇಗ್ನೋರ್ ಪ್ಯಾಟರ್ನ್ಸ್" ಪಟ್ಟಿಗೆ ಹಾಕಿ ತಡೆದಿದ್ದೇನೆ. ಅವನ್ನು ಹಬ್ಬಕ್ಕೆ ಹೋದಾಗ ತಂದುಕೊಳ್ಳುತ್ತೇನೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಳಿಸಿದ್ದೂ ಸಿಂಕ್ ಆಗುತ್ತದೆ

ಇದನ್ನು ದಯವಿಟ್ಟು ಎರಡು ಸಲ ಓದಿ. ಮೊದಲ ವರ್ಷ ಅಪ್ಪನ ಫೋನ್ ತುಂಬಿತು. "ಎಲ್ಲಾ ನಿನ್ನ ಕಂಪ್ಯೂಟರ್‌ನಾಗೆ ಐತಲ್ಲ" ಅಂತ ಗೌರಿ ಹಬ್ಬದ ಫೋಟೋಗಳನ್ನೆಲ್ಲ ಅಳಿಸಿದರು. ರಾತ್ರಿ ಸಿಂಕ್ ಆಯಿತು. ಅಟ್ಟದಲ್ಲೂ ಹೋದವು, ಲ್ಯಾಪ್‌ಟಾಪ್‌ನಲ್ಲೂ ಹೋದವು. ಅಕ್ಕ ಕೆಲವನ್ನು ಬೇರೆ ಕಡೆ ಕಾಪಿ ಮಾಡಿಟ್ಟಿದ್ದಳು, ಅವಷ್ಟೇ ಉಳಿದವು. ಆ ಹಬ್ಬಕ್ಕೆ ನಮ್ಮ ಅಜ್ಜಿ ಇದ್ದರು. ಮುಂದಿನ ಹಬ್ಬಕ್ಕೆ ಇರಲಿಲ್ಲ.

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಆದದ್ದು ಎಲ್ಲ ಕಡೆ ಆಗುವುದೇ ಅದರ ಕೆಲಸ. "ಸೆಂಡ್ ಓನ್ಲಿ" ಇದ್ದರೂ ಕಳಿಸುವವರು ಅಳಿಸಿದ ಸುದ್ದಿ ತಲುಪಿಯೇ ತಲುಪುತ್ತದೆ. ಆದ್ದರಿಂದ ಈಗ ನಾವು ಹೀಗೆ ಮಾಡುತ್ತೇವೆ.

ಲ್ಯಾಪ್‌ಟಾಪ್‌ನಲ್ಲಿ ಆ ಫೋಲ್ಡರಿನ "ಎಡಿಟ್" ಒತ್ತಿ "ಫೈಲ್ ವರ್ಷನಿಂಗ್" ತೆರೆಯಿರಿ. ಫೋಟೋಗಳಿಗೆ "ಟ್ರಾಷ್ ಕ್ಯಾನ್" ಸಾಕು. ಎಷ್ಟು ದಿನಕ್ಕೆ ಕಸ ಖಾಲಿ ಮಾಡಬೇಕು ಅಂದ ಕಡೆ 0 ಹಾಕಿದರೆ ಯಾವತ್ತೂ ಖಾಲಿ ಮಾಡುವುದಿಲ್ಲ. ಲೆಕ್ಕ, ಬರಹ ಮುಂತಾದ ಪದೇ ಪದೇ ಬದಲಾಗುವ ಫೈಲ್‌ಗಳಿಗೆ "ಸ್ಟ್ಯಾಗರ್ಡ್" ಒಳ್ಳೆಯದು. ಅದು ಹೊಸ ಪ್ರತಿಗಳನ್ನು ಒತ್ತಾಗಿಯೂ ಹಳೆಯವನ್ನು ವಿರಳವಾಗಿಯೂ ಇಟ್ಟುಕೊಳ್ಳುತ್ತದೆ. ಬೇರೆಯವರು ಅಳಿಸಿದ್ದು ಆಗ ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. "ವರ್ಷನ್ಸ್" ಗುಂಡಿ ಒತ್ತಿ ವಾಪಸ್ ತರಬಹುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ವರ್ಷನಿಂಗ್ ಕಾಪಾಡುವುದು ಬೇರೆ ಸಾಧನದಿಂದ ಬಂದ ಬದಲಾವಣೆಯನ್ನು ಮಾತ್ರ. ನನ್ನ ಲ್ಯಾಪ್‌ಟಾಪ್‌ನಲ್ಲಿ ನಾನೇ ಅಳಿಸಿದರೆ ನನ್ನ ಲ್ಯಾಪ್‌ಟಾಪ್ ಕಾಪಾಡುವುದಿಲ್ಲ. ಹಾಗಾಗಿ ಅಟ್ಟದಲ್ಲೂ, ಲ್ಯಾಪ್‌ಟಾಪ್‌ನಲ್ಲೂ ಎರಡೂ ಕಡೆ ಆನ್ ಮಾಡಿಡಿ.

ಜೊತೆಗೆ ತಿಂಗಳ ಕೊನೆಯ ಭಾನುವಾರ ಸಿಂಕ್ ಫೋಲ್ಡರಿನ ಫೋಟೋಗಳನ್ನು "ಉಗ್ರಾಣ" ಅನ್ನುವ ಬೇರೆ ಫೋಲ್ಡರಿಗೆ ಕಾಪಿ ಮಾಡುತ್ತೇನೆ. ಕಟ್ ಅಲ್ಲ, ಕಾಪಿ. ಉಗ್ರಾಣ ಸಿಂಕ್ ಆಗುವುದಿಲ್ಲ. ಅದನ್ನು ಒಂದು ಹಾರ್ಡ್ ಡಿಸ್ಕ್‌ಗೂ ಹಾಕಿಡುತ್ತೇನೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿ "ಈಗ ಅಳಿಸಿ ಅಪ್ಪಾ" ಅಂತ ಹೇಳುತ್ತೇನೆ. ಅವರ ಫೋನ್ ಹಗುರಾಗುತ್ತದೆ, ಸಿಂಕ್ ಫೋಲ್ಡರ್ ಖಾಲಿಯಾಗುತ್ತದೆ, ಉಗ್ರಾಣ ತುಂಬುತ್ತದೆ.

ಅಮ್ಮನ ಸೋಬಾನೆ

ಫೋಟೋಗೆ ಅಂತ ಮಾಡಿದ ಈ ವ್ಯವಸ್ಥೆ ಆಮೇಲೆ ಎಲ್ಲೆಲ್ಲಿಗೋ ಹೋಯಿತು. ಅದರಲ್ಲಿ ನನಗೆ ಬಹಳ ಬೆಲೆಯದ್ದು ಅನ್ನಿಸುವುದು ಇದು.

ಅಮ್ಮನಿಗೆ ಸೋಬಾನೆ ಪದ, ಹಸೆಗೆ ಕರೆಯುವ ಹಾಡು, ಬೀಸುವ ಪದ ತುಂಬಾ ಬರುತ್ತವೆ. ಕೂತು ಹಾಡಿ ಅಂದರೆ ನೆನಪಾಗುವುದಿಲ್ಲ. ಅವರೆಕಾಯಿ ಬಿಡಿಸುವಾಗಲೋ, ದೀಪ ಹಚ್ಚುವಾಗಲೋ ತಾನಾಗಿ ಬರುತ್ತವೆ. ಅಮ್ಮನ ಫೋನಿನ ಮುಖಪುಟದಲ್ಲಿ ರೆಕಾರ್ಡರ್ ಆ್ಯಪನ್ನು ದೊಡ್ಡದಾಗಿ ಇಟ್ಟೆ. ಹಾಡು ನೆನಪಾದಾಗ ಕೆಂಪು ಗುಂಡಿ ಒತ್ತುವುದು, ಮುಗಿದಾಗ ಮತ್ತೆ ಒತ್ತುವುದು. ಅಷ್ಟೇ ಅಮ್ಮನ ಕೆಲಸ. ರೆಕಾರ್ಡಿಂಗ್ ಫೋಲ್ಡರ್ ಅಟ್ಟಕ್ಕೆ ಸಿಂಕ್ ಆಗುತ್ತದೆ.

ಇಲ್ಲಿ ಎರಡು ಫೋಲ್ಡರ್ ಮಾಡಿಕೊಳ್ಳಿ. ಒಂದು ಹಸಿ ರೆಕಾರ್ಡಿಂಗ್, ಅಮ್ಮನ ಕಡೆಯಿಂದ "ಸೆಂಡ್ ಓನ್ಲಿ". ಅದನ್ನು ಮುಟ್ಟುವುದಿಲ್ಲ. ಇನ್ನೊಂದು "ಪದಗಳು", ನಾನು ಮತ್ತು ಅಕ್ಕ ಇಬ್ಬರಿಗೂ "ಸೆಂಡ್ ಆ್ಯಂಡ್ ರಿಸೀವ್". ನಾನು ಹಸಿ ಫೋಲ್ಡರಿನಿಂದ ಒಳ್ಳೆಯದನ್ನು ಕಾಪಿ ಮಾಡಿ ಪದಗಳು ಫೋಲ್ಡರಿಗೆ ಹಾಕುತ್ತೇನೆ. ಹೆಸರು ಕನ್ನಡದಲ್ಲೇ ಇಡುತ್ತೇನೆ: ಮೊದಲು ತಾರೀಖು, ಆಮೇಲೆ ಹಾಡಿನ ಮೊದಲ ಎರಡು ಮಾತು. ಅಕ್ಕ ಬಸ್ಸಿನಲ್ಲಿ ಹೋಗುವಾಗ ಕೇಳುತ್ತಾಳೆ. ಅದೇ ಹೆಸರಿನ ಒಂದು ಟೆಕ್ಸ್ಟ್ ಫೈಲ್ ಮಾಡಿ ಹಾಡನ್ನು ಬರೆಯುತ್ತಾಳೆ. ಕೇಳಿಸದ ಮಾತಿಗೆ ಪ್ರಶ್ನೆ ಚಿಹ್ನೆ ಹಾಕುತ್ತಾಳೆ. ರಾತ್ರಿ ನಾನು ಅಮ್ಮನಿಗೆ ಫೋನ್ ಮಾಡಿ ಆ ಮಾತು ಕೇಳುತ್ತೇನೆ. ಅಮ್ಮ ಮಾತು ಹೇಳಿ ನಿಲ್ಲಿಸುವುದಿಲ್ಲ. ಆ ಹಾಡು ಯಾರಿಂದ ಕಲಿತದ್ದು, ಯಾರ ಮದುವೆಯಲ್ಲಿ ಹಾಡಿದ್ದು ಅಂತಲೂ ಹೇಳುತ್ತಾರೆ. ಅದನ್ನೂ ಆ ಫೈಲಿನ ಕೆಳಗೆ ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ 41 ಪದ ಆಗಿವೆ.

ನಿಮ್ಮ ಮನೆಯಲ್ಲೂ ಹಾಡುವವರು, ಕಥೆ ಹೇಳುವವರು ಇರುತ್ತಾರೆ ಅಲ್ವಾ? ಬೇರೆ ಯಾವುದನ್ನು ಬಿಟ್ಟರೂ ಇದೊಂದನ್ನು ಮಾಡಿ.

ತೋಟ, ದಾಖಲೆ, ಗೋಡೆ

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿಹೋಗುತ್ತದೆ. ಮುಖ ಕಾಣುತ್ತದೆ, ಹುಳು ಕಾಣುವುದಿಲ್ಲ. ತೆಂಗಿಗೆ ನುಸಿ ಬಿದ್ದಿದೆಯೋ, ಗರಿಗೆ ಕಪ್ಪುತಲೆ ಹುಳು ಹತ್ತಿದೆಯೋ ಅಂತ ನೋಡಬೇಕಾದರೆ ಮೂಲ ಫೋಟೋವೇ ಬೇಕು. ಸಿಂಕ್‌ನಲ್ಲಿ ಫೋಟೋ ಇದ್ದ ಹಾಗೇ ಬರುತ್ತದೆ. ತೆಗೆದ ತಾರೀಖು, ಹೊತ್ತು ಅದರೊಳಗೇ ಇರುತ್ತದೆ. ಅಪ್ಪ ತೆಗೆದ ಫೋಟೋಗಳನ್ನು ನಾನು ದೊಡ್ಡ ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿ, ಮೂರ್ನಾಲ್ಕನ್ನು ಆರಿಸಿ "ತೋಟ" ಫೋಲ್ಡರಿಗೆ ಹಾಕುತ್ತೇನೆ. ಅದು ಅಪ್ಪನ ಫೋನಿಗೆ ವಾಪಸ್ ಹೋಗುತ್ತದೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಅಪ್ಪ ಆ ಫೋಲ್ಡರ್ ತೆರೆದು ತೋರಿಸಿದರೆ ಆಯಿತು. ಸಾವಿರ ಫೋಟೋದಲ್ಲಿ ಹುಡುಕಬೇಕಾಗಿಲ್ಲ.

"ಕಾಗದ" ಅನ್ನುವ ಫೋಲ್ಡರಿನಲ್ಲಿ ಪಹಣಿ, ಕಂದಾಯದ ರಸೀದಿ, ಪಾಸ್‌ಬುಕ್ಕಿನ ಮೊದಲ ಪುಟ, ಆಸ್ಪತ್ರೆಯ ಚೀಟಿ ಇವೆ. ಇದು ನಾನು ಕಳಿಸುವುದು, ಎಲ್ಲರೂ ಪಡೆಯುವುದು. ಸಿಗ್ನಲ್ ಇಲ್ಲದ ಕಡೆಯೂ ಕಾಗದ ಫೋನಿನಲ್ಲೇ ಇರುತ್ತದೆ. ತಾಲ್ಲೂಕು ಕಚೇರಿಯ ಮುಂದೆ ನಿಂತಾಗ ಇದು ಎಷ್ಟು ಅನುಕೂಲ ಅಂತ ಅಪ್ಪ ಮೂರು ಸಲ ಹೇಳಿದ್ದಾರೆ. ಆದರೆ ಫೋನ್‌ಗಳಿಗೆ ಸ್ಕ್ರೀನ್ ಲಾಕ್ ಕಡ್ಡಾಯ ಇರಲಿ.

ಪಾಸ್‌ವರ್ಡ್‌ಗಳಿಗೆ ಕೀಪಾಸ್‌ಎಕ್ಸ್‌ಸಿ ಬಳಸಿ. ಅದು ಎಲ್ಲ ಪಾಸ್‌ವರ್ಡ್‌ಗಳನ್ನೂ ಬೀಗ ಹಾಕಿದ ಒಂದೇ ಫೈಲಿನಲ್ಲಿಡುವ ಸಾಫ್ಟ್‌ವೇರ್. ಫೋನಿನಲ್ಲಿ ಅದೇ ಫೈಲನ್ನು ಕೀಪಾಸ್‌ಡಿಎಕ್ಸ್ ತೆರೆಯುತ್ತದೆ. ಆ ಒಂದು ಫೈಲನ್ನು ಸಿಂಕ್ ಮಾಡಿ, ಮುಖ್ಯ ಪಾಸ್‌ವರ್ಡನ್ನು ತಲೆಯಲ್ಲಿಟ್ಟುಕೊಳ್ಳಿ.

ಹಳೆ ಟ್ಯಾಬ್ ಊರಿನ ಮನೆಯ ಗೋಡೆಗೆ ಹೋಯಿತು. "ಗೋಡೆ" ಅನ್ನುವ ಫೋಲ್ಡರಿಗೆ ಅಕ್ಕ ಮಕ್ಕಳ ಫೋಟೋ ಹಾಕುತ್ತಾಳೆ. ಸಂಜೆ ಅಪ್ಪನ ಹಾಟ್‌ಸ್ಪಾಟ್ ಆನ್ ಆದಾಗ ಟ್ಯಾಬ್ ಅವನ್ನು ಇಳಿಸಿಕೊಳ್ಳುತ್ತದೆ. ಗ್ಯಾಲರಿಯ ಸ್ಲೈಡ್‌ಶೋ ಹಾಕಿದರೆ ಒಂದೊಂದಾಗಿ ಬರುತ್ತವೆ. ಫೋಟೋಗಳನ್ನು ಮೊದಲೇ ಚಿಕ್ಕದು ಮಾಡಿ ಹಾಕಿದರೆ ಡೇಟಾ ಉಳಿಯುತ್ತದೆ.

ಕೊಬ್ಬರಿಯ ಲೆಕ್ಕ ಮಾತ್ರ ಸ್ವಲ್ಪ ತೊಡಕು ಕೊಟ್ಟಿತು. ನಾನೂ ಅಕ್ಕನೂ ಒಂದೇ ಎಕ್ಸೆಲ್ ಫೈಲನ್ನು ಒಂದೇ ದಿನ ತಿದ್ದಿದೆವು. ಸಿಂಕ್‌ಥಿಂಗ್ ಎರಡನ್ನೂ ಉಳಿಸಿತು. ಒಂದರ ಹೆಸರಿನಲ್ಲಿ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಸೇರಿಸಿ ಪಕ್ಕದಲ್ಲಿಟ್ಟಿತು. ಏನೂ ಕಳೆಯಲಿಲ್ಲ, ಆದರೆ ಎರಡನ್ನೂ ಇಟ್ಟುಕೊಂಡು ಸಾಲು ಸಾಲು ಹೋಲಿಸಬೇಕಾಯಿತು. ಅಲ್ಲಿಂದ ಒಬ್ಬರಿಗೆ ಒಂದು ಫೈಲ್. ನನ್ನದು ನಾನು ಬರೆಯುತ್ತೇನೆ, ಅವಳದು ಅವಳು. ಓದುವುದು ಇಬ್ಬರೂ ಎರಡನ್ನೂ. ಅಂಗಡಿಯವರಿಗೂ ಒಂದು ಮಾತು: ಲೆಕ್ಕದ ಸಾಫ್ಟ್‌ವೇರ್ ತೆರೆದಿರುವಾಗ ಅದರ ಡೇಟಾ ಫೋಲ್ಡರನ್ನು ಸಿಂಕ್‌ಗೆ ಹಾಕಬೇಡಿ. ಅರ್ಧ ಬರೆದ ಫೈಲ್ ಹೋಗಿ ಕೆಡಬಹುದು. ಅದು ಮಾಡಿಕೊಡುವ ಬ್ಯಾಕಪ್ ಫೈಲನ್ನು ಸಿಂಕ್ ಮಾಡಿ.

ಇಂಟರ್‌ನೆಟ್ ಇಲ್ಲದೆ, ಹಬ್ಬಕ್ಕೆ ಹೋದಾಗ

ಎರಡು ಸಾಧನ ಒಂದೇ ವೈ-ಫೈನಲ್ಲಿದ್ದರೆ ಸಿಂಕ್‌ಥಿಂಗ್ ಫೈಲ್‌ಗಳನ್ನು ಇಂಟರ್‌ನೆಟ್ ಮೂಲಕ ಕಳಿಸಬೇಕಾಗಿಲ್ಲ, ನೇರವಾಗಿ ಕೊಟ್ಟು ತೆಗೆದುಕೊಳ್ಳುತ್ತದೆ. ಹಾಟ್‌ಸ್ಪಾಟ್ ಕೂಡ ವೈ-ಫೈಯೇ. ಹಾಗಾಗಿ ವಿಡಿಯೋಗಳಂಥ ದೊಡ್ಡ ಫೈಲ್‌ಗಳನ್ನು ನಾನು ಊರಿಗೆ ಹೋದಾಗ ತೆಗೆದುಕೊಳ್ಳುತ್ತೇನೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡು ರೈಲು ಹತ್ತಿದರೆ ಆಯಿತು.

ಮನೆಗೆ ಹೋದ ಮೇಲೆ ಅಪ್ಪನ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಹಾಟ್‌ಸ್ಪಾಟ್ ಆನ್ ಮಾಡಿ. ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಹಾಟ್‌ಸ್ಪಾಟ್ ಕೊಡುವ ಫೋನಿಗೆ ತಾನು ವೈ-ಫೈನಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ ಷರತ್ತುಗಳನ್ನು ಬದಿಗಿಟ್ಟು "ಸ್ಟಾರ್ಟ್" ಅಂತ ನೀವೇ ಒತ್ತಬೇಕು. ಹಾಟ್‌ಸ್ಪಾಟಿಗೆ ಸೇರುವುದು ಇನ್ನೊಂದು ಫೋನ್ ಆದರೆ, ಅದರಲ್ಲಿ "ಮೀಟರ್ಡ್ ವೈ-ಫೈ" (ಬಳಸಿದ ಡೇಟಾಗೆ ಲೆಕ್ಕ ಇರುವ ವೈ-ಫೈ) ಯಲ್ಲೂ ಓಡಲಿ ಅನ್ನುವುದನ್ನು ಆನ್ ಮಾಡಿ. ಆಮೇಲೆ ಇಗ್ನೋರ್ ಪಟ್ಟಿಯಿಂದ ವಿಡಿಯೋದ ಸಾಲನ್ನು ತೆಗೆಯಿರಿ. ಆ ಪಟ್ಟಿ ಸಾಧನದಿಂದ ಸಾಧನಕ್ಕೆ ಸಿಂಕ್ ಆಗುವುದಿಲ್ಲ. ಅದನ್ನು ಎರಡೂ ಕಡೆ ಹಾಕಿದ್ದರೆ ಎರಡೂ ಕಡೆ ತೆಗೆಯಬೇಕು.

ಎರಡನ್ನೂ ಚಾರ್ಜಿಗೆ ಹಾಕಿ, ಒಂದೇ ಕೋಣೆಯಲ್ಲಿಟ್ಟು ಊಟಕ್ಕೆ ಹೋಗಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ನೋಡಿಕೊಳ್ಳಿ. ಪುಟದಲ್ಲಿ "ಅಪ್ ಟು ಡೇಟ್" ಅಂತ ಹಸಿರು ಬಂದ ಮೇಲೆ ವಿಡಿಯೋಗಳನ್ನು ಉಗ್ರಾಣಕ್ಕೆ ಕಾಪಿ ಮಾಡಿ, ಎರಡು ಮೂರನ್ನು ತೆರೆದು ನೋಡಿ. ಆಮೇಲೆ ಇಗ್ನೋರ್ ಸಾಲನ್ನು ವಾಪಸ್ ಹಾಕಿ, ಹಾಟ್‌ಸ್ಪಾಟ್ ಆಫ್ ಮಾಡಿ, ಆ್ಯಪನ್ನು ಮತ್ತೆ ಷರತ್ತಿನ ಪ್ರಕಾರ ಓಡುವ ಹಾಗೆ ಬಿಡಿ. ಅಪ್ಪನ ಮೊಬೈಲ್ ಡೇಟಾ ಆನ್ ಮಾಡಿಕೊಟ್ಟೇ ರೈಲು ಹತ್ತಿ.